ನಿಮಗಿದು ಗೊತ್ತೇ? ಯಾತ್ರಿಕರೇ ಭಿಕ್ಷೆ ಬೇಡುವ ಊರು

* ಲಾವೋಸ್ ದೇಶದ ಲುವಾಂಗ್ ಪ್ರಬಾಂಗ್, ಮೆಕಾಂಗ್ ಮತ್ತು ನಾಮ್ ಖಾನ್ ನದಿಗಳು ಕೂಡುವ ಊರು. 1995ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ನಸುಕಿನಲ್ಲಿ ಬೌದ್ಧ ಭಿಕ್ಕುಗಳು ಸಾಲಾಗಿ ಭಿಕ್ಷೆಗೆ ಹೊರಡುವುದನ್ನು ನೋಡಲೆಂದೇ ಪ್ರವಾಸಿಗರು ಅಲ್ಲಿ ಕಿಕ್ಕಿರಿಯುತ್ತಾರೆ. ಕಲಬುರಗಿ ಜಿಲ್ಲೆ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರವೂ ಸಂಗಮದ ಊರೇ. ಇಲ್ಲಿ ಮಾತ್ರ ಭಿಕ್ಷೆ ಬೇಡುವವರು ಬಂದ ಯಾತ್ರಿಕರೇ!

* ಇದಕ್ಕೆ ಮಧುಕರಿ ಎನ್ನುತ್ತಾರೆ. ಕನಿಷ್ಠ ಐದು ಮನೆಯಲ್ಲಿ ಬೇಡಬೇಕೆಂಬುದು ರೂಢಿ. ಮಧ್ಯಾಹ್ನ ದತ್ತಾತ್ರೇಯನೇ ಯಾವುದೋ ವೇಷದಲ್ಲಿ ಭಿಕ್ಷೆಗೆ ಬರುತ್ತಾನೆಂಬ ನಂಬಿಕೆ ಇರುವುದರಿಂದ ಯಾರನ್ನೂ ಬರಿಗೈಲಿ ಕಳಿಸುವುದಿಲ್ಲ. ಒಂದು ಬಾಗಿಲಲ್ಲಿ ರೊಟ್ಟಿ, ಇನ್ನೊಂದರಲ್ಲಿ ಅನ್ನ, ಮತ್ತೊಂದರಲ್ಲಿ ಸಿಹಿ. ಎಲ್ಲ ಒಂದೇ ತಟ್ಟೆಯಲ್ಲಿ ಬೆರೆಯುತ್ತದೆ. ಕಾರಿನಲ್ಲಿ ಬಂದವರೂ ನಡೆದು ಬಂದವರೂ ಒಂದೇ ಸಾಲು. ಅಡುಗೆ ಮಾಡಿಸಿ ಬಡಿಸುವ ಭಕ್ತರೂ ತಟ್ಟೆ ಹಿಡಿದು ಹೊರಡುತ್ತಾರೆ. ಮೊಬೈಲು ಚೀಲದಲ್ಲಿಟ್ಟು ನೀವೂ ಒಮ್ಮೆ ಕೈಯೊಡ್ಡಿ. ಊರನ್ನು ಅರಿಯಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ.

* ಇಲ್ಲಿ ಪೂಜೆ ನಿರ್ಗುಣ ಪಾದುಕೆಗಳಿಗೆ. ದರ್ಶನ ಪುಟ್ಟ ಕಿಂಡಿಯ ಮೂಲಕ. ಪಾದುಕೆ ಬಿಟ್ಟುಹೋದರೆನ್ನುವ, ದತ್ತಾತ್ರೇಯನ ಅವತಾರವೆಂದು ಭಕ್ತರು ನಂಬುವ ಗುರು ನರಸಿಂಹ ಸರಸ್ವತಿ ಹುಟ್ಟಿದ್ದು ವಿದರ್ಭದ ಕಾರಂಜಾದಲ್ಲಿ.

* ಅವರ ಮಹಿಮೆ ಸಾರುವ 'ಗುರುಚರಿತ್ರೆ' ಮರಾಠಿ ಗ್ರಂಥ. ಬರೆದ ಸರಸ್ವತಿ ಗಂಗಾಧರನ ಮನೆಮಾತು ಕನ್ನಡವೆಂದು ಹೇಳುತ್ತಾರೆ!

* ಗಾಣಗಾಪುರದ ಸಂಗಮದಲ್ಲಿ ಭೀಮಾ ನದಿಯನ್ನು ಸೇರುವ ಅಮರ್ಜಾ ಆಳಂದದ ಕಡೆಯಿಂದ ಬರುವ ಹೊಳೆ. ಕೊರಳ್ಳಿ ಬಳಿ ಅದಕ್ಕೆ ಅಣೆಕಟ್ಟಿದೆ. ಅಬ್ಬಲೂರಿನಲ್ಲಿ ಹೆಸರಾದ ಶರಣ ಏಕಾಂತದ ರಾಮಯ್ಯ ಇದೇ ಆಳಂದದವನು. ಲಾಡ್ಲೆ ಮಶಾಕ್ ದರ್ಗಾ ಇರುವುದೂ ಅಲ್ಲೇ.

* ಕಲಬುರಗಿಯಿಂದ ಜೇವರ್ಗಿಗೆ ಹೋಗುವಾಗ ಕಟ್ಟಿಸಂಗಾವಿ ಸೇತುವೆಯ ಕೆಳಗೆ ಕಾಣುವುದು ಗಾಣಗಾಪುರ ದಾಟಿ ಬಂದ ಅದೇ ಭೀಮೆ.

* 'ಗಾಣಗಾಪುರ ರೋಡ್' ನಿಲ್ದಾಣದಲ್ಲಿ ಇಳಿದ ಮಾತ್ರಕ್ಕೆ ಊರು ಬಂತೆಂದುಕೊಳ್ಳಬೇಡಿ. ಸೊಲ್ಲಾಪುರ–ವಾಡಿ ಮಾರ್ಗದ ಈ ನಿಲ್ದಾಣದಿಂದ ಊರಿಗೆ ಇನ್ನೂ ಸುಮಾರು 20 ಕಿ.ಮೀ.

* 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಸಂಗಮದ ಗುಡಿಗೂ ನೀರು ನುಗ್ಗಿತ್ತು. ಮಳೆಗಾಲದಲ್ಲಿ ಹೊರಡುವವರು ಸೊಲ್ಲಾಪುರ ಜಿಲ್ಲೆಯ ಉಜನಿ ಜಲಾಶಯದಿಂದ ಎಷ್ಟು ನೀರು ಬಿಟ್ಟಿದ್ದಾರೆಂದು ವಿಚಾರಿಸಿಕೊಂಡೇ ಬಸ್ಸು ಹತ್ತಿ.