ಖಾಲಿಯಾಗದ ಕೋಣೆ

ಕಾಲೇಜು ಪ್ರವೇಶದ ಅರ್ಜಿ ಸಲ್ಲಿಸಲು ಕೊನೆಯ ದಿನ ಎಂದಿಟ್ಟುಕೊಳ್ಳಿ. ಗಣಕದ ಪರದೆಯ ಮೇಲಿನ ನಮೂನೆಯಲ್ಲಿ ಸಣ್ಣ ತಪ್ಪೊಂದು ಕಾಣಿಸುತ್ತದೆ. ತಂತ್ರಾಂಶ ಬರೆದವರು ಅದನ್ನು ತಿದ್ದಿ, ಹಳೆಯದನ್ನು ತೆಗೆದು ಹೊಸದನ್ನು ಸರ್ವರ್‌ನಲ್ಲಿ ಕೂರಿಸುತ್ತಾರೆ. ಸರ್ವರ್ ನಿಲ್ಲಿಸಬೇಕಾಗಿಲ್ಲ, ಕ್ಷಣಗಳ ಕೆಲಸ. ಮಧ್ಯಾಹ್ನ ಇನ್ನೊಂದು ತಿದ್ದುಪಡಿ, ಸಂಜೆ ಮತ್ತೊಂದು. ಐದಾರು ಸಲ ಹೀಗಾದ ಮೇಲೆ ಸರ್ವರ್ ‘ಔಟ್ ಆಫ್ ಮೆಮೊರಿ’ ಎಂದು ಕೈಚೆಲ್ಲುತ್ತದೆ. ಅರ್ಧ ಅರ್ಜಿ ತುಂಬಿದ್ದ ವಿದ್ಯಾರ್ಥಿ ಪರದೆ ನೋಡುತ್ತಾ ಕೂರಬೇಕು.

ಹೊಸ ತಂತ್ರಾಂಶವೇನೂ ಹಳೆಯದಕ್ಕಿಂತ ದೊಡ್ಡದಲ್ಲ. ಹಳೆಯದನ್ನು ತೆಗೆದೂ ಆಗಿದೆ. ಹಾಗಾದರೆ ಜಾಗ ತಿಂದದ್ದು ಯಾರು?

1995ರಲ್ಲಿ ಸನ್ ಮೈಕ್ರೊಸಿಸ್ಟಮ್ಸ್ ಹೊರತಂದ ಜಾವಾ ಭಾಷೆಯ ಜಾಲ ತಂತ್ರಾಂಶಗಳು ಟಾಮ್‌ಕ್ಯಾಟ್‌ನಂಥ ಸರ್ವರ್‌ಗಳ ಒಳಗೆ ಓಡುತ್ತವೆ. ಸರ್ವರನ್ನು ಕಲ್ಯಾಣ ಮಂಟಪವೆಂದು ಭಾವಿಸಿದರೆ, ತಂತ್ರಾಂಶಗಳು ಅಲ್ಲಿ ಬಂದಿಳಿಯುವ ಮದುವೆಯವರು. ಒಬ್ಬರು ಹೊರಟ ಮೇಲೆ ಕೋಣೆ ಗುಡಿಸಿ ಮುಂದಿನವರಿಗೆ ಕೊಡಬೇಕಷ್ಟೆ. ಜಾವಾದಲ್ಲಿ ಈ ಗುಡಿಸುವ ಕೆಲಸ ‘ಗಾರ್ಬೇಜ್ ಕಲೆಕ್ಟರ್’ನದು. ಉಪಾಯ ಹಳೆಯದೇ, 1959ರ ಸುಮಾರಿಗೆ ಜಾನ್ ಮೆಕಾರ್ಥಿ ಲಿಸ್ಪ್ ಭಾಷೆಗಾಗಿ ರೂಪಿಸಿದ್ದು. ಓಡುತ್ತಿರುವ ಯಾವ ಭಾಗವೂ ಹಿಡಿದುಕೊಂಡಿರದ ವಸ್ತುವನ್ನು ಮಾತ್ರ ಎಸೆಯಬೇಕು ಎಂಬುದು ಅದರ ನಿಯಮ. ಯಾರಾದರೂ ಹಿಡಿದಿದ್ದರೆ ಮುಟ್ಟುವಂತಿಲ್ಲ.

ತೊಡಕು ಇರುವುದು ಇಲ್ಲೇ. ಮದುವೆಯವರು ಬಂದುಹೋಗುವವರು, ಮಂಟಪದ ಕಾವಲುಗಾರ ಖಾಯಂ ನೌಕರ. ಹೊರಡುವ ಗಡಿಬಿಡಿಯಲ್ಲಿ ಯಾರೋ ಅವನ ಕೈಗೆ ಚೀಲವೊಂದನ್ನು ಕೊಟ್ಟು ಮರೆತರೆ, ಆತ ಅದನ್ನು ನಿಷ್ಠೆಯಿಂದ ಹಿಡಿದೇ ನಿಲ್ಲುತ್ತಾನೆ. ಸರ್ವರ್‌ನಲ್ಲಿ ಇಂಥ ಖಾಯಂ ನೌಕರರೆಂದರೆ ‘ಥ್ರೆಡ್’ಗಳು. ಡೇಟಾಬೇಸ್ ಚಾಲಕಗಳ ಪಟ್ಟಿ ಇಟ್ಟುಕೊಳ್ಳುವ, ಜಾವಾದ್ದೇ ಭಾಗವಾದ ‘ಡ್ರೈವರ್ ಮ್ಯಾನೇಜರ್’ ಇನ್ನೊಬ್ಬ. ತಂತ್ರಾಂಶ ತನ್ನ ಚಾಲಕದ ಹೆಸರನ್ನು ಅಲ್ಲಿ ಬರೆಸುತ್ತದೆ. ಹೋಗುವಾಗ ಹೊಡೆಸಿಹಾಕುವುದನ್ನು ಮರೆಯುತ್ತದೆ.

ಒಂದು ಚೀಲ ಉಳಿದರೆ ಹೋಗುವುದು ಕೆಲವು ಬೈಟ್ ತಾನೇ ಎನಿಸಬಹುದು. ಹಾಗಲ್ಲ. ಜಾವಾದಲ್ಲಿ ಪ್ರತಿ ವಸ್ತುವೂ ತನ್ನ ‘ಕ್ಲಾಸ್’ ಅನ್ನು, ಎಂದರೆ ತಾನು ತಯಾರಾದ ಅಚ್ಚನ್ನು, ಹಿಡಿದಿರುತ್ತದೆ. ಅಚ್ಚು ತನ್ನನ್ನು ಒಳಗೆ ತಂದ ‘ಕ್ಲಾಸ್ ಲೋಡರ್’ ಅನ್ನು ಹಿಡಿದಿರುತ್ತದೆ. ಲೋಡರ್ ತಾನು ತಂದ ಸಾವಿರಾರು ಅಚ್ಚುಗಳನ್ನೂ ಬಿಡುವುದಿಲ್ಲ. ಬಳ್ಳಿಯ ಒಂದು ಕುಡಿ ಸಿಕ್ಕಿಕೊಂಡರೆ ಚಪ್ಪರವೇ ಉಳಿದಂತೆ! ಒಂದು ತಂತ್ರಾಂಶದ ಸಾಮಾನು ಇನ್ನೊಂದರದರೊಡನೆ ಬೆರೆಯದಿರಲೆಂದು ಪ್ರತಿಯೊಂದಕ್ಕೂ ಬೇರೆ ಲೋಡರ್ ಕೊಡುವುದು ಜಾಣತನವೇ. ಆದರೆ ಅದರಿಂದಾಗಿ, ಪ್ರತಿ ತಿದ್ದುಪಡಿಗೂ ಪೂರ್ತಿ ಹಳೆಯ ಪ್ರತಿಯೊಂದು ಒಳಗೇ ಉಳಿಯುತ್ತಾ ಹೋಗುತ್ತದೆ.

ಹಿಂದೆ ಈ ಅಚ್ಚುಗಳಿಗೆ ‘ಪರ್ಮನೆಂಟ್ ಜನರೇಶನ್’ ಎಂಬ ಪ್ರತ್ಯೇಕ ಕೋಣೆ ಇತ್ತು. ಸಾಮಾನ್ಯವಾಗಿ 64 ಮೆಗಾಬೈಟ್ ಮಿತಿ, ಬೇಗ ತುಂಬುತ್ತಿತ್ತು. ಅನೇಕರು ಮಿತಿಯನ್ನು ದುಪ್ಪಟ್ಟು ಮಾಡಿ ಕೈತೊಳೆದುಕೊಂಡರು. ಸೋರುವ ಸೂರಿನ ಕೆಳಗೆ ದೊಡ್ಡ ಕೊಳದಪ್ಪಲೆ ಇಟ್ಟ ಹಾಗೆ. 2014ರಲ್ಲಿ ಬಂದ ಜಾವಾ 8 ಆ ಕೋಣೆಯನ್ನೇ ತೆಗೆದುಹಾಕಿ ‘ಮೆಟಾಸ್ಪೇಸ್’ ತಂದಿತು. ನಾವಾಗಿ ಮಿತಿ ಹಾಕದಿದ್ದರೆ ಇದು ಗಣಕದ ಸ್ಮೃತಿ ಇರುವಷ್ಟೂ ಬೆಳೆಯಬಲ್ಲದು. ಹೀಗಾಗಿ ದೋಷ ಹೋಗಲಿಲ್ಲ, ಬಯಲಾಗುವುದು ತಡವಾಯಿತು. ಇದನ್ನು ಪರಿಹಾರವೆಂದು ಹೇಳಿಕೊಡುವವರು ಮಕ್ಕಳ ದಾರಿ ತಪ್ಪಿಸುತ್ತಾರೆ.

2010ರಿಂದೀಚೆಗಿನ ಟಾಮ್‌ಕ್ಯಾಟ್ ಆವೃತ್ತಿಗಳು, ತಂತ್ರಾಂಶವನ್ನು ತೆಗೆಯುವಾಗ ಹೀಗೆ ಉಳಿದ ಚೀಲಗಳನ್ನು ಹುಡುಕಿ ದಿನಚರಿ ಕಡತದಲ್ಲಿ ಎಚ್ಚರಿಕೆ ಬರೆಯುತ್ತವೆ. ಮರೆತ ಚಾಲಕದ ಹೆಸರನ್ನು ತಾವೇ ಹೊಡೆದುಹಾಕುತ್ತವೆ. ಎಲ್ಲವೂ ಅವುಗಳ ಕಣ್ಣಿಗೆ ಬೀಳುವುದಿಲ್ಲ. ಜಾವಾದಲ್ಲಿ ಪ್ರಾಜೆಕ್ಟ್ ಮಾಡುವ ಬಿಸಿಎ, ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮನೆಯ ಗಣಕದಲ್ಲೇ ಇದನ್ನು ಪರೀಕ್ಷಿಸಬಹುದು. ತಂತ್ರಾಂಶವನ್ನು ಕೂರಿಸಿ, ಸ್ವಲ್ಪ ಬಳಸಿ, ತೆಗೆಯಿರಿ. ಆಮೇಲೆ ‘ಹೀಪ್ ಡಂಪ್’, ಎಂದರೆ ಸ್ಮೃತಿಯ ಛಾಯಾಚಿತ್ರ, ತೆಗೆದು ಅದರಲ್ಲಿ ಹಳೆಯ ಕ್ಲಾಸ್ ಲೋಡರ್ ಇದೆಯೇ ನೋಡಿ. ಇದ್ದರೆ, ಅದನ್ನು ಹಿಡಿದಿರುವವರು ಯಾರು, ಅವರನ್ನು ಹಿಡಿದಿರುವವರು ಯಾರು ಎಂದು ಒಂದೊಂದೇ ಕೊಂಡಿ ಹಿಂದಕ್ಕೆ ಹೋದರೆ ಕೊನೆಗೆ ಸಿಗುವವನು ಕಾವಲುಗಾರ. ಅವನ ಕೈಗೆ ಚೀಲ ಕೊಟ್ಟ ಸಾಲು ತಂತ್ರಾಂಶದಲ್ಲಿ ಎಲ್ಲೋ ಇದ್ದೇ ಇರುತ್ತದೆ.