ಐದೆಕರೆಯ ಜಹಗೀರು

ಇಂಗ್ಲೆಂಡಿನಲ್ಲಿ ಅರಮನೆಗಳಿಗೂ ಜಮೀನ್ದಾರರ ಬಂಗಲೆಗಳಿಗೂ ಬರವಿಲ್ಲ. ಸಣ್ಣ ಊರಿನಲ್ಲಿ ವ್ಯಾಪಾರ ಮಾಡಿ ಮೇಲೆ ಬಂದವರು ಹೇಗೆ ಬದುಕುತ್ತಿದ್ದರು ಎಂಬುದನ್ನು ಪಾತ್ರೆಪಡಗದ ಸಮೇತ ತೋರಿಸುವ ಮನೆಗಳು ಮಾತ್ರ ತೀರಾ ಅಪರೂಪ. ಅಂಥದೊಂದು ಮನೆ ಶ್ರಾಪ್‌ಶೈರ್ ಪ್ರಾಂತ್ಯದ ವೆಲ್ಲಿಂಗ್ಟನ್ ಊರಿನಲ್ಲಿದೆ. ಅದರ ಹೆಸರು ಸನಿಕ್ರಾಫ್ಟ್.

ರೆಕಿನ್ ಗುಡ್ಡದ ಮಗ್ಗುಲಲ್ಲಿರುವ ವೆಲ್ಲಿಂಗ್ಟನ್ ಹಳೆಯ ಸಂತೆಯೂರು. ಸಂತೆ ನಡೆಸಲು ಇಲ್ಲಿಗೆ 1244ರಲ್ಲೇ ರಾಜನ ಸನದು ಸಿಕ್ಕಿತ್ತು. 1849ರಲ್ಲಿ ರೈಲು ಬಂತು. ಈ ಊರಿನಲ್ಲಿ ಶ್ರಾಪ್‌ಶೈರ್ ಬ್ರೂವರಿ ಎಂಬ ಬಿಯರ್ ಕಾರ್ಖಾನೆ ಆರಂಭಿಸಿದ್ದ ಜೆ. ಜಿ. ವ್ಯಾಕ್ರಿಲ್, 1880ರಲ್ಲಿ ಹೋಲಿಹೆಡ್ ರಸ್ತೆಯ ಪಕ್ಕದಲ್ಲಿ ಕೆಂಪು ಇಟ್ಟಿಗೆಯ ಈ ಮನೆ ಕಟ್ಟಿಸಿದರು. ಮುಂದೆ ಅದು ಮದ್ಯದ ವರ್ತಕರೊಬ್ಬರ ವಿಧವೆ ಮೇರಿ ಜೇನ್ ಸ್ಲೇನಿ ಅವರ ಕೈಸೇರಿತು. 1899ರಲ್ಲಿ ಅದನ್ನು ವಿಸ್ತರಿಸಿ ಇನ್ನಷ್ಟು ಭರ್ಜರಿಯಾಗಿಸಿದವರು ಆಕೆಯೇ.

ಮನೆಗಿಂತ ಹಿತ್ತಿಲು, ಅಂಗಳಗಳೇ ಹೆಚ್ಚು ಕತೆ ಹೇಳುತ್ತವೆ. ಜಾಗ ಇರುವುದು ಸುಮಾರು ಐದು ಎಕರೆ. ಅಷ್ಟರಲ್ಲೇ ಗೇಟಿನ ಬಳಿ ಕಾವಲಿನ ಮನೆ, ಕುದುರೆ ಲಾಯ, ಸಾರೋಟಿನ ಕೊಟ್ಟಿಗೆ, ಹಂದಿ ಗೂಡು, ತರಕಾರಿ ತೋಟ, ಹುಲ್ಲುಗಾವಲು, ಗಾಜಿನ ಹೂಮನೆ ಎಲ್ಲವೂ ಇವೆ. ನೂರಾರು ಎಕರೆಯ ಒಡೆಯರಿಗೆ ಇರುತ್ತಿದ್ದುದನ್ನೆಲ್ಲ ಪೇಟೆಯ ಅಂಚಿನಲ್ಲಿ ಪುಟ್ಟದಾಗಿ ಕಟ್ಟಿಕೊಂಡ ಜಹಗೀರು ಇದು. ವಂಶದಿಂದ ಬಾರದ ಅಂತಸ್ತನ್ನು ದುಡಿಮೆಯಿಂದ ಪಡೆದವರ ಹೆಮ್ಮೆ ಇಲ್ಲಿ ಎದ್ದು ಕಾಣುತ್ತದೆ.

ಕಾಲವೂ ಅವರಿಗೆ ಒದಗಿ ಬಂತು. ಬ್ರಿಟನ್ನಿನಲ್ಲಿ ಗಾಜಿನ ಮೇಲಿನ ತೆರಿಗೆ 1845ರಲ್ಲಿ, ಇಟ್ಟಿಗೆಯದು 1850ರಲ್ಲಿ, ಕಿಟಕಿಯದು 1851ರಲ್ಲಿ ರದ್ದಾಗಿದ್ದವು. ಶ್ರೀಮಂತರಿಗಷ್ಟೇ ಎಟುಕುತ್ತಿದ್ದ ಗಾಜಿನ ಹೂಮನೆ ವರ್ತಕರ ಅಂಗಳಕ್ಕೂ ಬಂತು. ಇದೇ ಪ್ರಾಂತ್ಯದ ಜಾಕ್‌ಫೀಲ್ಡ್‌ನಲ್ಲಿ 1883ರಲ್ಲಿ ಶುರುವಾದ ಮಾ ಅಂಡ್ ಕಂಪನಿಯ ದೊಡ್ಡ ಕಾರ್ಖಾನೆ, ಇಂಥ ಮನೆಗಳ ನೆಲಕ್ಕೆ ಹಾಸುವ ಬಣ್ಣದ ಹೆಂಚುಗಳನ್ನು ರಾಶಿಗಟ್ಟಲೆ ತಯಾರಿಸುತ್ತಿತ್ತು.

ಗೇಟಿನಿಂದ ಮನೆಯವರೆಗಿನ ದಾರಿಗೆ ವೆಲ್ಲಿಂಗ್ಟೋನಿಯಾ ಮರಗಳ ಸಾಲಿದೆ. ಇವು ಕ್ಯಾಲಿಫೋರ್ನಿಯಾದ ದೈತ್ಯ ಸಿಕೋಯಾಗಳು. 1853ರಲ್ಲಿ ಇವುಗಳ ಬೀಜ ಬ್ರಿಟನ್ನಿಗೆ ಬಂದಾಗ, ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ವೆಲ್ಲಿಂಗ್ಟನ್ ಡ್ಯೂಕ್‌ನ ಹೆಸರನ್ನು ಮರಕ್ಕಿಟ್ಟರು. 1799ರಲ್ಲಿ ಟಿಪ್ಪು ಸುಲ್ತಾನ್ ಮಡಿದ ಬಳಿಕ ಶ್ರೀರಂಗಪಟ್ಟಣದ ಆಡಳಿತ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯೇ ಈ ಡ್ಯೂಕ್. ವಿಕ್ಟೋರಿಯಾ ಕಾಲದ ಉಳ್ಳವರು ಈ ಮರವನ್ನು ಮುಗಿಬಿದ್ದು ನೆಟ್ಟರು.

1912ರಲ್ಲಿ ಮನೆ ಲ್ಯಾಂಡರ್ ಕುಟುಂಬದ್ದಾಯಿತು. ಮುಂದಿನ 85 ವರ್ಷ ಅದು ಅವರ ಬಳಿಯೇ ಉಳಿಯಿತು. ಅಷ್ಟರಲ್ಲಿ ಎರಡು ಮಹಾಯುದ್ಧಗಳು ಆಗಿಹೋದವು. ಮನೆಗೆಲಸದವರು ಸಿಗುವುದು ಕಷ್ಟವಾಯಿತು. ಬೇರೆ ಊರುಗಳಲ್ಲಿ ಇಂಥ ಮನೆಗಳು ಫ್ಲ್ಯಾಟುಗಳಾದವು, ಆಫೀಸುಗಳಾದವು, ಇಲ್ಲವೇ ನೆಲಸಮವಾದವು. 1968ರಲ್ಲಿ ವೆಲ್ಲಿಂಗ್ಟನ್ ಕೂಡ ಟೆಲ್‌ಫೋರ್ಡ್ ಎಂಬ ಹೊಸ ಪಟ್ಟಣದ ಯೋಜನೆಯೊಳಗೆ ಸೇರಿತು. ಸನಿಕ್ರಾಫ್ಟ್ ಮಾತ್ರ ತನ್ನ ಪೀಠೋಪಕರಣ, ದಿನಬಳಕೆಯ ಸಾಮಾನುಗಳೊಂದಿಗೆ ಹಾಗೆಯೇ ನಿಂತಿತು.

ಕೊನೆಯ ಒಡತಿ ಜೋನ್ ಲ್ಯಾಂಡರ್ 1997ರಲ್ಲಿ ತೀರಿಕೊಂಡಾಗ ಮನೆಯನ್ನು ಪಾರಂಪರಿಕ ತಾಣಗಳನ್ನು ಕಾಪಾಡುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಬಿಟ್ಟುಕೊಟ್ಟಿದ್ದರು. 1999ರಲ್ಲಿ ಅದು ಸಾರ್ವಜನಿಕರಿಗೆ ತೆರೆಯಿತು. ಪಾರಂಪರಿಕ ಕಟ್ಟಡವೆಂದರೆ ಅರಮನೆ, ಚರ್ಚು, ಕೋಟೆ ಎಂದಷ್ಟೇ ಎಣಿಸುವವರು ಇದನ್ನೊಮ್ಮೆ ನೋಡಬೇಕು. ವೆಲ್ಲಿಂಗ್ಟನ್ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿದೆ.