ಲಂಡನ್ನಿನ ಗಿಳಿ, ನಮ್ಮ ಮಾಳಿಗೆಯ ಹಕ್ಕಿ

ನಾನು ಬಿ.ಇ. ಸೇರಿದ ವರ್ಷ ತಂಗಿಯ ಹಟಕ್ಕೆ ಅಪ್ಪ ಬೀದರ್ ಪೇಟೆಯಿಂದ ಮೂರು ‘ಲವ್ ಬರ್ಡ್ಸ್’ ತಂದಿದ್ದರು. ಎರಡು ಹಸಿರು, ಒಂದು ನೀಲಿ. ಎಲ್ಲರೂ ಹಾಗೆ ಕರೆದರೂ ಅವು ನಿಜವಾಗಿ ಬಜರಿಗರ್, ಆಸ್ಟ್ರೇಲಿಯಾ ಮೂಲದ ಪುಟ್ಟ ಗಿಳಿಗಳು. ಕಳೆದ ಬೇಸಿಗೆಯಲ್ಲಿ ಔರಾದ್ ಕಡೆಯ ಹಳ್ಳಿಯಿಂದ ಬಂದ ಆಯಿ ಪಂಜರ ನೋಡಿದವಳೇ, “ರೆಕ್ಕಿ ಇದ್ದ ಜೀವಕ್ಕ ಯಾಕ ಜೇಲು? ಬಿಟ್ಬಿಡ್ರಿ, ಪುಣ್ಯ ಬರ್ತದ” ಅಂದಳು. ನನಗೂ ಹೌದೆನ್ನಿಸಿತು.

ಬೆಳಿಗ್ಗೆ ಮಾಳಿಗೆಯ ಮೇಲೆ ಪಂಜರದ ಬಾಗಿಲು ತೆಗೆದೆ. ನೀಲಿ ಹಕ್ಕಿ ಹೊರಗೇ ಬರಲಿಲ್ಲ. ಹಸಿರಿನವೆರಡು ಹಾರಿದವು. ಒಂದು ಎದುರು ಮನೆಯ ಡಿಶ್ ಮೇಲೆ ಕುಳಿತು ಅತ್ತಿತ್ತ ನೋಡುತ್ತಿತ್ತು, ಅಷ್ಟರಲ್ಲಿ ಕಾಗೆಗಳು ಬಂದವು. ಹತ್ತು ನಿಮಿಷವೂ ಆಗಿರಲಿಲ್ಲ. ಇನ್ನೊಂದು ಮರುದಿನ ನೀರಿನ ಟ್ಯಾಂಕಿನ ಹಿಂದೆ ಸತ್ತು ಬಿದ್ದಿತ್ತು. ತಂಗಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಆಯಿಗೆ ನಾವು ಹೇಳಲೇ ಇಲ್ಲ.

ಇದಾದ ಕೆಲವು ವಾರಗಳಿಗೆ ಮೊಬೈಲಿನಲ್ಲಿ ಒಂದು ವಿಡಿಯೊ ನೋಡಿದೆ. ಲಂಡನ್ನಿನ ಪಾರ್ಕು, ಎಲೆ ಉದುರಿದ ಮರ, ಚಳಿಗೆ ಕೋಟು ತೊಟ್ಟ ಜನ. ಅವರ ಕೈಮೇಲೆ ಕುಳಿತು ಕಾಳು ತಿನ್ನುತ್ತಿದ್ದುದು ಹಸಿರು ಮೈ, ಕೆಂಪು ಕೊಕ್ಕು, ಕೊರಳಲ್ಲಿ ಗುಲಾಬಿ ಪಟ್ಟಿಯ ಗಿಳಿ. ಅಂದರೆ ನಮ್ಮದೇ ಗಿಳಿ! ನಮ್ಮ ಕೋಟೆಯ ಗೋಡೆಯ ಸಂದಿಗಳಲ್ಲಿ, ಮಹಮೂದ್ ಗವಾನ್ ಮದರಸಾದ ಸುತ್ತಮುತ್ತ ಸಂಜೆ ಕಿರುಚಾಡುವ ಅದೇ ಜಾತಿ. ಬ್ರಿಟನ್ನಿನಲ್ಲಿ ಈಗ ಸುಮಾರು 12,000 ಜೋಡಿ ಇವೆಯಂತೆ. ನಾನು ಬಿಟ್ಟ ಹಕ್ಕಿ ಒಂದು ದಿನ ಬದುಕಲಿಲ್ಲ, ಅಲ್ಲಿ ಯಾರೋ ಬಿಟ್ಟವು ಸಂಸಾರ ಕಟ್ಟಿ ಕುಳಿತಿವೆ. ಇದು ಹೇಗೆ? ಇಂಟರ್ನಲ್ಸ್ ಓದುವ ಬದಲು ಮೂರು ರಾತ್ರಿ ಇದನ್ನೇ ಓದಿದೆ. (ಇಂಟರ್ನಲ್ಸ್ ಏನಾಯಿತೆಂದು ಕೇಳಬೇಡಿ.)

ಲಂಡನ್ನಿನಲ್ಲಿ ಇದಕ್ಕೆ ಕತೆಗಳಿಗೇನೂ ಬರವಿಲ್ಲ. ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ 1960ರ ದಶಕದಲ್ಲಿ ಒಂದು ಜೋಡಿ ಬಿಟ್ಟನಂತೆ. ಇಲ್ಲವೇ 1951ರ ‘ದಿ ಆಫ್ರಿಕನ್ ಕ್ವೀನ್’ ಸಿನಿಮಾದ ಸೆಟ್ಟಿನಿಂದ ಹಾರಿಹೋದವಂತೆ. ಪೊಲೀಸರು ಸರಣಿ ಅಪರಾಧಿಯ ನೆಲೆ ಹುಡುಕಲು ಬಳಸುವ ಲೆಕ್ಕಾಚಾರವೊಂದಿದೆ. ಘಟನೆ ನಡೆದ ಜಾಗಗಳನ್ನು ನಕ್ಷೆಯಲ್ಲಿ ಗುರುತಿಸಿ, ಅವೆಲ್ಲ ಎಲ್ಲಿಂದ ಶುರುವಾಗಿರಬಹುದು ಎಂದು ಹಿಂದಕ್ಕೆ ಲೆಕ್ಕ ಹಾಕುವುದು. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದವರು ಅದನ್ನೇ ಗಿಳಿಗಳು ಕಂಡ ಜಾಗಗಳ ಮೇಲೆ ಪ್ರಯೋಗಿಸಿದರು. 2019ರಲ್ಲಿ ಬಂದ ಅವರ ಪ್ರಬಂಧದ ಪ್ರಕಾರ ಆ ಯಾವ ಕತೆಗೂ ಆಧಾರವಿಲ್ಲ. ನಾರ್ಫೋಕ್‌ನಲ್ಲಿ 1855ರಷ್ಟು ಹಿಂದೆಯೇ ಈ ಗಿಳಿ ಕಂಡ ದಾಖಲೆಯಿದೆ. ಆಮೇಲೆ ಎಷ್ಟೋ ಮನೆಗಳಿಂದ, ಎಷ್ಟೋ ಸಲ, ತಪ್ಪಿಸಿಕೊಂಡವು, ಬಿಟ್ಟವು ಸೇರಿ ಸಂಖ್ಯೆ ಬೆಳೆಯಿತು. 1929–30ರಲ್ಲಿ ‘ಗಿಳಿ ಜ್ವರ’ದ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ ಹೆದರಿದ ಜನ ಪಂಜರದ ಬಾಗಿಲು ತೆಗೆದಿರಬಹುದು ಎಂಬ ಊಹೆಯೂ ಇದೆ. ಬ್ರಸೆಲ್ಸ್‌ನಲ್ಲಿ ಮಾತ್ರ ಇದು ಗುಟ್ಟೇನಲ್ಲ. 1974ರಲ್ಲಿ ಅಲ್ಲಿನ ಮನರಂಜನಾ ಪಾರ್ಕೊಂದು ಊರಿಗೆ ಬಣ್ಣ ಬರಲಿ ಎಂದು ಸುಮಾರು 40 ಗಿಳಿಗಳನ್ನು ಬೇಕೆಂದೇ ಬಿಟ್ಟಿತ್ತು. ಇವತ್ತು ಅವು ಅಲ್ಲಿ ಸಾವಿರಾರು.

ನಾನು ಬಿಟ್ಟದ್ದು ಎರಡು. ಮೊದಲ ವ್ಯತ್ಯಾಸ ಅಲ್ಲೇ ಇದೆ. ಒಂದೆರಡು ಹಕ್ಕಿಯನ್ನು ಕಾಗೆಯೋ ಹಸಿವೋ ಮುಗಿಸುತ್ತದೆ. ಹಿಂಡಾದರೆ ಒಂದು ಅಪಾಯ ಕಂಡು ಕೂಗುತ್ತದೆ, ಇನ್ನೊಂದು ಮೇವಿನ ಜಾಗ ತೋರಿಸುತ್ತದೆ, ಜೋಡಿಯೂ ಸಿಗುತ್ತದೆ. ಎರಡನೆಯದು ಹವೆ. ಯುರೋಪಿನ ಗಿಳಿಗಳ ಡಿಎನ್ಎ ಪರೀಕ್ಷಿಸಿದವರಿಗೆ ಅವುಗಳ ಮೂಲ ಬಹುಪಾಲು ಪಾಕಿಸ್ತಾನ ಮತ್ತು ಉತ್ತರ ಭಾರತ ಎಂದು ತಿಳಿಯಿತು. ಚಳಿ ಕಂಡ ಹಕ್ಕಿಗಳು ಚಳಿಯ ಊರಲ್ಲಿ ತಡೆದುಕೊಂಡವು. (ಹಾಗಾಗಿ ‘ಬೀದರ್ ಗಿಳಿ ಲಂಡನ್ನಿನಲ್ಲಿ’ ಎಂದು ಎದೆಯುಬ್ಬಿಸುವ ಹಾಗಿಲ್ಲ.) ಮೇವಿಗಂತೂ ಕೊರತೆಯಿಲ್ಲ. ಬ್ರಿಟನ್ನಿನ ಜನ ಚಳಿಗಾಲದಲ್ಲಿ ಹಿತ್ತಲಲ್ಲಿ ಹಕ್ಕಿಗಳಿಗೆಂದು ಶೇಂಗಾ, ಸೂರ್ಯಕಾಂತಿ ಬೀಜ ತೂಗುಹಾಕುತ್ತಾರೆ.

ಇದನ್ನು ಆಯಿಗೆ ಹೇಳಿದೆ. ಬಿಳಿಜೋಳ ಹಾಲುಗಾಳು ಕಟ್ಟುವ ಹೊತ್ತಿಗೆ ಹೊಲದಲ್ಲಿ ನಿಂತು, ಕವಣೆ ಬೀಸಿ, ಡಬ್ಬಾ ಬಡಿದು ಗಿಳಿ ಓಡಿಸಿದ ಜೀವ ಅದು. “ಅಯ್ಯ, ದುಡ್ಡು ಕೊಟ್ಟು ಶೇಂಗಾ ತಂದು ಗಿಣಿಗಿ ಹಾಕ್ತಾರಾ? ನಮ್ಮ ಹೊಲಕ್ಕ ಬಂದಾವು ಅವಕ್ಕ ಹೇಳಬ್ಯಾಡ” ಎಂದು ನಕ್ಕಳು.

ನಗುವ ವಿಷಯ ಇಷ್ಟೇ. ಗಿಳಿಗೆ ಗೂಡಿಗೆ ಪೊಟರೆ ಬೇಕು, ಆದರೆ ಪೊಟರೆ ಬೇಕಾದದ್ದು ಅದಕ್ಕೊಂದೇ ಅಲ್ಲ. ಬೆಲ್ಜಿಯಂನಲ್ಲಿ ನಟ್‌ಹ್ಯಾಚ್ ಎಂಬ ಪುಟ್ಟ ಹಕ್ಕಿಗೆ ಇವು ಜಾಗ ಬಿಡುತ್ತಿಲ್ಲ. ಸ್ಪೇನಿನ ಸೆವಿಲ್ ಪಟ್ಟಣದ ಒಂದು ಪಾರ್ಕಿನಲ್ಲಿ ಅಪರೂಪದ ದೊಡ್ಡ ಬಾವಲಿಗಳನ್ನು ಕಚ್ಚಿ ಕೊಂದು ಪೊಟರೆ ಕಿತ್ತುಕೊಂಡದ್ದನ್ನು ಸಂಶೋಧಕರು ದಾಖಲಿಸಿದ್ದಾರೆ. ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ ಮನೆ ಬೆಚ್ಚಗಿರಲೆಂದು ಗೋಡೆಗೆ ಹಚ್ಚಿದ ಥರ್ಮೋಕೋಲಿನಂಥ ಪದರವನ್ನೇ ಕೊರೆದು ಗೂಡು ಮಾಡಿಕೊಂಡಿವೆ. ಸಿವಿಲ್ ಬ್ರಾಂಚಿನ ಗೆಳೆಯನಿಗೆ ಇದನ್ನು ಹೇಳಿದಾಗ ಅವನು ಗಿಳಿಯ ಪಕ್ಷ ವಹಿಸಿದ.

ನಾನು ಎಲೆಕ್ಟ್ರಿಕಲ್. ನನ್ನ ಪಾಲಿಗೆ ಬಂದದ್ದು ಮಾಂಕ್ ಪ್ಯಾರಕೀಟ್. ಅರ್ಜೆಂಟೀನಾ ಕಡೆಯ ಈ ಗಿಳಿಗೆ ಪೊಟರೆಯ ಹಂಗೇ ಇಲ್ಲ, ಕಡ್ಡಿ ಸೇರಿಸಿ ತಾನೇ ಗೂಡು ಕಟ್ಟುತ್ತದೆ. ಒಂದರ ಪಕ್ಕ ಒಂದು, ಹಲವು ಸಂಸಾರಗಳ ಅಪಾರ್ಟ್‌ಮೆಂಟ್. ಸಾಕಲು ತಂದವು ತಪ್ಪಿಸಿಕೊಂಡು ಬಾರ್ಸಿಲೋನಾ, ನ್ಯೂಯಾರ್ಕ್‌ನ ಬ್ರೂಕ್ಲಿನ್, ಫ್ಲೋರಿಡಾಗಳಲ್ಲಿ ನೆಲೆಯಾಗಿವೆ. ಅಮೆರಿಕದಲ್ಲಿ ಇವುಗಳಿಗೆ ವಿದ್ಯುತ್ ಕಂಬ, ಟ್ರಾನ್ಸ್‌ಫಾರ್ಮರ್, ಸಬ್‌ಸ್ಟೇಷನ್ ಅಂದರೆ ಪ್ರೀತಿ. ಮಳೆಗೆ ಕಡ್ಡಿ ನೆನೆದರೆ ಶಾರ್ಟ್ ಸರ್ಕ್ಯೂಟ್, ಆಮೇಲೆ ಊರಿಗೆ ಕತ್ತಲು. ಗೂಡು ಕಿತ್ತರೆ ಮತ್ತೆ ಅಲ್ಲೇ ಕಟ್ಟುತ್ತವೆ.

ಹಾಗೆಂದು ಬಿಟ್ಟ ಹಕ್ಕಿಯೆಲ್ಲ ಗೆಲ್ಲುವುದಿಲ್ಲ. ನಮ್ಮ ಬಜರಿಗರ್‌ಗಳೇ 1970ರ ದಶಕದಲ್ಲಿ ಫ್ಲೋರಿಡಾ ಕರಾವಳಿಯಲ್ಲಿ ಸಾವಿರಗಟ್ಟಲೆ ಇದ್ದವು. ನಂತರ ಗೂಡಿನ ಜಾಗಕ್ಕೆ ಗುಬ್ಬಿ, ಸ್ಟಾರ್ಲಿಂಗ್‌ಗಳ ಪೈಪೋಟಿ, ನಡುವೆ ಚಳಿ ಹೆಚ್ಚಿದ ಚಳಿಗಾಲಗಳು. ಈಗ ಅಲ್ಲಿ ಬಹುತೇಕ ಇಲ್ಲವಾಗಿವೆ. ಯಾವುದು ನೆಲೆಯೂರುತ್ತದೆ, ಯಾವುದು ಕಾಗೆಯ ಬಾಯಿಗೆ ಹೋಗುತ್ತದೆ ಎನ್ನುವುದು ಬಾಗಿಲು ತೆಗೆಯುವವನಿಗೆ ಗೊತ್ತಿರುವುದಿಲ್ಲ. ನನಗಂತೂ ಗೊತ್ತಿರಲಿಲ್ಲ.

ಕಾನೂನನ್ನೂ ಓದಿದೆ. ಯುರೋಪು 2007ರಲ್ಲಿ ಕಾಡುಹಕ್ಕಿಗಳ ಆಮದನ್ನೇ ಕಾಯಂ ನಿಲ್ಲಿಸಿತು. ನಮ್ಮಲ್ಲಿ 2024ರ ನಿಯಮದಂತೆ ಆಫ್ರಿಕನ್ ಗ್ರೇ, ಮಕಾವ್‌ನಂಥ ವಿದೇಶಿ ಗಿಳಿ ಸಾಕುವವರು ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು. ಬಜರಿಗರ್‌ಗೆ ಆ ನಿಯಮವಿಲ್ಲ, ಯಾರು ಬೇಕಾದರೂ ತರಬಹುದು. ಆದರೆ ನಮ್ಮದೇ ನೆಲದ ಗಿಳಿಯನ್ನು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ಇದನ್ನು ಓದಿದ ದಿನದಿಂದ ಭಾಲ್ಕಿಯ ಕಾಕಾ ನೆನಪಾಗುತ್ತಿದ್ದಾರೆ. ಅವರ ಪಡಸಾಲೆಯಲ್ಲಿ ಆರು ವರ್ಷದಿಂದ ಒಂದು ‘ಮಿಠ್ಠು’ ಇದೆ. ಮರಿಯಿದ್ದಾಗ ಯಾರೋ ತಂದುಕೊಟ್ಟದ್ದು. ಚಿಕ್ಕಂದಿನಿಂದ ಪಂಜರದಲ್ಲಿರುವ ಅದಕ್ಕೆ ಕಾಳು ಹುಡುಕುವುದೂ ಗೊತ್ತಿಲ್ಲ, ಕಾಗೆಯೂ ಗೊತ್ತಿಲ್ಲ. ಬಾಗಿಲು ತೆಗೆದರೆ ಏನಾಗುತ್ತದೆಂದು ನನಗೆ ಗೊತ್ತು. ಅರಣ್ಯ ಇಲಾಖೆಯವರಿಗೆ ಒಪ್ಪಿಸುವುದೇ ದಾರಿ. ಆದರೆ ಕಾಕಾ ಊಟಕ್ಕೆ ಕುಳಿತಾಗ ಮೊದಲ ತುತ್ತು ಅದಕ್ಕೇ. ಫೋನಿನಲ್ಲಿ ಒಂದು ಸಲ ಮಾತು ತೆಗೆದೆ. “ಅದು ನಮ್ಮ ಮನಿ ಕೂಸದ, ತಮ್ಮಾ” ಅಂದರು. ಮುಂದೆ ಹೇಳಲಾಗಲಿಲ್ಲ.

ಬರುವ ಭಾನುವಾರ ಭಾಲ್ಕಿಗೆ ಹೊರಟಿದ್ದೇನೆ. ತಂಗಿಯೂ ಬರುತ್ತಾಳಂತೆ. ನೀಲಿ ಹಕ್ಕಿಗೆ ಒಂದು ದಿನದ ಕಾಳು, ನೀರು ಇಟ್ಟು, ಪಂಜರದ ಬಾಗಿಲಿಗೆ ಅವಳೇ ತಂತಿ ಬಿಗಿದಿದ್ದಾಳೆ.